ಮಸೆಗಲ್ಲು ಕಪಾಟಿಗಲ್ಲ, ಅಡುಗೆಮನೆಗೆ

ಕ್ಯೋಟೋದ ಬೆಟ್ಟಗಳಿಂದ ತೆಗೆದ ಮಸೆಗಲ್ಲುಗಳನ್ನು ಹರಾಜಿನಲ್ಲಿ ಕೊಂಡು, ಪ್ಲಾಸ್ಟಿಕ್ ಹಾಳೆ ಸುತ್ತಿ, ಗಾಜಿನ ಕಪಾಟಿನಲ್ಲಿಟ್ಟು ಬೆಲೆ ಏರಲೆಂದು ಕಾಯುವವರಿದ್ದಾರೆ. ಜಪಾನಿನವರಿದ್ದಾರೆ, ಅಮೆರಿಕ ಯುರೋಪಿನವರಿದ್ದಾರೆ. ಬೆಂಗಳೂರಿನಿಂದ ಫೋನ್ ಮಾಡಿ ‘ಊರಿಗೆ ಬರುವಾಗ ನಕಯಾಮದ ಕಲ್ಲೊಂದು ತಂದುಕೊಡಿ ಅಕ್ಕ’ ಎನ್ನುವ ಪರಿಚಯದವರೂ ಇದ್ದಾರೆ. ಯಾವ ಚಾಕು ಮಸೆಯಲಿಕ್ಕೆ ಎಂದು ಕೇಳಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ. ಒಸಾಕಾದಲ್ಲಿ ಸಂಸಾರ ಹೂಡಿ, ಅಂಥದೇ ಒಂದು ಕಲ್ಲಿನಲ್ಲಿ ಮಸೆದ ಚಾಕುವಿನಿಂದ ದಿನವೂ ಹುರುಳಿಕಾಯಿ, ಬೂದುಗುಂಬಳ ಹೆಚ್ಚುವ ನನಗೆ ಇದು ಬೇಸರದ ವಿಷಯ. ಈ ಕಲ್ಲುಗಳು ಬಳಕೆಯಾಗಬೇಕು. ಆದರೆ ಮುಗಿದುಹೋಗುವ ಕಲ್ಲುಗಳಾದ್ದರಿಂದ ಅವಕ್ಕೆ ಹೇಳಿದ ಕೆಲಸವನ್ನಷ್ಟೇ ಅವುಗಳಿಂದ ಮಾಡಿಸಬೇಕು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮುಗಿದುಹೋಗುವ ಕಲ್ಲು ಎಂದೆ. ಅದು ಹುಟ್ಟಿದ ಬಗೆ ತಿಳಿದರೆ ಮಾತಿನ ತೂಕ ಗೊತ್ತಾಗುತ್ತದೆ. ಸುಮಾರು 25 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗ ಮುಗಿಯುವಾಗ, ಭೂಮಿಯ ಮೇಲಿನ ಜೀವಿಗಳಲ್ಲಿ ಬಹುಪಾಲು ಅಳಿದುಹೋದವು. ಆಳ ಸಮುದ್ರದ ತಳದಲ್ಲಿ ಅಲ್ಲಿಯವರೆಗೆ ರೇಡಿಯೊಲೇರಿಯಾ ಎಂಬ ಸೂಕ್ಷ್ಮಜೀವಿಗಳ ಗಾಜಿನಂಥ ಚಿಪ್ಪುಗಳು ಬಿದ್ದು ಬಿದ್ದು ಚರ್ಟ್ ಎಂಬ ಗಡಸು ಶಿಲೆ ಕಟ್ಟುತ್ತಿತ್ತು. ಆ ಜೀವಿಗಳು ತೀರಾ ಕಡಿಮೆಯಾದಾಗ ಚಿಪ್ಪುಗಳ ಮಳೆಯೂ ನಿಂತಿತು. ದೂರದ ನೆಲದಿಂದ ಗಾಳಿ ಹೊತ್ತು ತಂದ ನವಿರಾದ ದೂಳು ಮತ್ತು ಜೇಡಿಯಷ್ಟೇ ಕೆಳಗಿಳಿಯತೊಡಗಿತು, ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಲೆಕ್ಕದಲ್ಲಿ. ಆಮೇಲೆ ಸಾಗರದ ತಳವೇ ಸರಿದು ಬಂದು ಏಷ್ಯಾದ ಅಂಚಿಗೆ ಒತ್ತಿಕೊಂಡಿತು. ಕ್ವಾರ್ಟ್ಜ್‌ನ ಅತಿ ಸಣ್ಣ ಕಣಗಳನ್ನು ಜೇಡಿ ಹಿಡಿದುಕೊಂಡಿರುವ ಆ ತೆಳು ಪದರವೇ ಇಂದು ಕ್ಯೋಟೋ ನಗರದ ವಾಯವ್ಯಕ್ಕೆ, ಉಮೆಗಹಾತದಿಂದ ಅತಾಗೊ ಬೆಟ್ಟದ ಸುತ್ತ ಹಾದು ಕಮೆಯೊಕದ ಕಡೆಗೆ ಹರಡಿಕೊಂಡಿದೆ. ಜಪಾನಿನ ಭೂವಿಜ್ಞಾನಿಗಳು ಈ ಬಗೆಯ ಶಿಲೆಗೆ ಮಸೆಗಲ್ಲಿನ ಹೆಸರನ್ನೇ ಇಟ್ಟಿದ್ದಾರೆ.

ನಕಯಾಮ, ನರುತಾಕಿ, ಓಜುಕು, ಓಹಿರಾ ಎಂಬವೆಲ್ಲ ಈ ಪದರ ಹಾದುಹೋಗುವ ಕಡೆ ಇದ್ದ ಗಣಿಗಳ ಹೆಸರು. ಬಹುತೇಕ ಈಗ ಮುಚ್ಚಿವೆ. ಸುರಂಗ ಕೊರೆದು, ಬೆನ್ನ ಮೇಲೆ ಹೊತ್ತು ಇಳಿಸುವ ಕೆಲಸಕ್ಕೆ ಜನ ಸಿಗದಾದರು. ಅದಕ್ಕಿಂತ ದೊಡ್ಡ ಹೊಡೆತ ಬಂದದ್ದು ಕೃತಕ ಕಲ್ಲಿನಿಂದ. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ತಯಾರಿಸಿದರು. ಮುಂದೆ ಅದೂ ಅಲ್ಯೂಮಿನಿಯಂ ಆಕ್ಸೈಡೂ ಒಂದೇ ಅಳತೆಯ ಕಣಗಳಾಗಿ, ನಂಬರ್ ಹೊತ್ತು, ಅಗ್ಗದ ಇಟ್ಟಿಗೆಗಳಾಗಿ ಅಂಗಡಿಗೆ ಬಂದವು. ಸಾವಿರ ನಂಬರಿನ ಕಲ್ಲು ಎಂದರೆ ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಅದೇ ಗುಣ. ಬೆಟ್ಟದ ಕಲ್ಲಿಗೆ ಅಂಥ ಭರವಸೆ ಇಲ್ಲ. ಒಂದೇ ಗಣಿಯ ಎರಡು ಪದರಗಳು ಬೇರೆ ಬೇರೆ, ಒಂದೇ ಪದರದ ಎರಡು ತುಂಡುಗಳೂ ಬೇರೆ ಬೇರೆ.

ಹಾಗಾದರೆ ಬೆಟ್ಟದ ಕಲ್ಲು ಏಕೆ ಬೇಕು? ಹೆಚ್ಚಿನ ಮನೆಗಳಿಗೆ ಬೇಡ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಸ್ಟೇನ್‌ಲೆಸ್ ಚಾಕು, ಜರ್ಮನಿಯ ದಪ್ಪ ಚಾಕು, ಪುಡಿ ಉಕ್ಕಿನಿಂದ ಮಾಡಿದ ದುಬಾರಿ ಹೊಸ ಚಾಕು ಇವುಗಳಿಗೆಲ್ಲ ಕೃತಕ ಕಲ್ಲೇ ಸರಿ. ಕಾರಣ ಸರಳವಾಗಿದೆ. ಬೆಟ್ಟದ ಕಲ್ಲಿನಲ್ಲಿ ಉಕ್ಕನ್ನು ಸವೆಸುವುದು ಕ್ವಾರ್ಟ್ಜ್. ಕ್ರೋಮಿಯಂ, ವೆನೇಡಿಯಂ ಹೆಚ್ಚು ಬೆರೆತ ಉಕ್ಕಿನೊಳಗೆ ಆ ಲೋಹಗಳ ಕಾರ್ಬೈಡ್ ಕಣಗಳಿರುತ್ತವೆ, ಅವು ಕ್ವಾರ್ಟ್ಜ್‌ಗಿಂತ ಗಟ್ಟಿ. ಎಷ್ಟು ಉಜ್ಜಿದರೂ ಕಲ್ಲೇ ಸವೆಯುತ್ತದೆ, ಅಲಗು ಒಪ್ಪುವುದಿಲ್ಲ. ಅಂಥ ಚಾಕುವಿಗೆ ಈ ಕಲ್ಲು ಬಳಸುವುದು ಕಲ್ಲನ್ನು ಚರಂಡಿಗೆ ಹರಿಸಿದಂತೆಯೇ.

ಕಲ್ಲಿಗೆ ಹೇಳಿ ಮಾಡಿಸಿದ ಚಾಕು ಬೇರೆ ಇದೆ. ಒಸಾಕಾದ ಪಕ್ಕದ ಸಕಾಯ್ ನಗರದಲ್ಲಿ ಇಂದಿಗೂ ಒಬ್ಬರು ಬಡಿದು ಅಲಗು ಮಾಡುತ್ತಾರೆ, ಇನ್ನೊಬ್ಬರು ಮಸೆಯುತ್ತಾರೆ, ಮರದ ಹಿಡಿ ಮಾಡುವವರು ಮತ್ತೊಬ್ಬರು. ಅಲಗಿನ ಅಂಚಿಗೆ ಗಡಸು ಕಾರ್ಬನ್ ಉಕ್ಕು, ಅದಕ್ಕೆ ಬೆನ್ನಾಗಿ ಮೆದು ಕಬ್ಬಿಣ. ಎರಡನ್ನೂ ಕಾಯಿಸಿ ಬೆಸೆದಿರುತ್ತಾರೆ. ಉಕ್ಕು ಹೆಚ್ಚಾಗಿ ಶಿಮಾನೆಯ ಯಸುಗಿಯದು. ಬಿಳಿ ಕಾಗದ, ನೀಲಿ ಕಾಗದ ಎಂಬ ಹೆಸರುಗಳು ಅದಕ್ಕೆ ಅಂಟಿಸುತ್ತಿದ್ದ ಕಾಗದದ ಬಣ್ಣದಿಂದ ಬಂದವು. ನೀಲಿಯಲ್ಲಿ ಸ್ವಲ್ಪ ಟಂಗ್‌ಸ್ಟನ್, ಕ್ರೋಮಿಯಂ ಇರುತ್ತದೆ. ಬಿಳಿ ಬಹುಮಟ್ಟಿಗೆ ಕಬ್ಬಿಣ ಮತ್ತು ಇಂಗಾಲ, ಮಸೆಯಲು ಸಲೀಸು. ಇಂಥ ಚಾಕುವನ್ನು ಒಳ್ಳೆಯ ಬೆಟ್ಟದ ಕಲ್ಲಿನ ಮೇಲೆ ಕೊನೆಯ ಬಾರಿ ಎಳೆದಾಗ ಮೆದು ಕಬ್ಬಿಣದ ಭಾಗ ಮಂಜು ಕವಿದಂತೆ ಮಂಕಾಗುತ್ತದೆ, ಅಂಚಿನ ಉಕ್ಕು ಬೆಳ್ಳಗೆ ಹೊಳೆಯುತ್ತದೆ, ಎರಡರ ನಡುವೆ ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಕೃತಕ ಕಲ್ಲಿನ ಒಂದೇ ಅಳತೆಯ ಕಣಗಳು ಎರಡಕ್ಕೂ ಒಂದೇ ಬಗೆಯ ಹೊಳಪು ಕೊಡುತ್ತವೆ. ಅದೂ ಹರಿತವೇ. ಆದರೆ ನನ್ನ ಕೈಗೆ ಬೆಟ್ಟದ ಕಲ್ಲಿನ ಅಂಚು ಟೊಮೆಟೊ ಸಿಪ್ಪೆಯನ್ನು ಮುಟ್ಟಿದೊಡನೆ ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ಕಣಗಳು ಬೇರೆ ಬೇರೆ ಅಳತೆಯವಾಗಿರುವುದರಿಂದ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಒರಟು ಉಳಿಯುತ್ತದೆ, ಅದೇ ಕಾರಣ ಎಂದು ನಾನು ನಂಬಿದ್ದೇನೆ. ಈ ಕಲ್ಲಿನಲ್ಲಿ ಮಸೆದರೆ ಅಡುಗೆಯ ರುಚಿ ಹೆಚ್ಚುತ್ತದೆ ಎಂಬ ಮಾತನ್ನು ಮಾತ್ರ ನಾನು ಆಡುವುದಿಲ್ಲ.

ನನ್ನದು ನಕಿರಿ, ತರಕಾರಿಗೆಂದೇ ಇರುವ ಚಪ್ಪಟೆ ಆಯತದ ಚಾಕು. ಎರಡೂ ಕಡೆ ಮಸೆಯುವಂಥದು, ನಡುವೆ ನೀಲಿ ಕಾಗದದ ಉಕ್ಕು, ಮೇಲ್ಭಾಗದಲ್ಲಿ ಕುಲುಮೆಯ ಕಪ್ಪು ಹಾಗೆಯೇ ಉಳಿದಿದೆ. ಪುತ್ತೂರಿನ ಮನೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಬೆಳೆದವಳಿಗೆ ನಿಂತು ಹೆಚ್ಚುವುದು ಒಗ್ಗಲು ಸಮಯ ಹಿಡಿಯಿತು. ಒಗ್ಗಿದ ಮೇಲೆ ಆ ಚಾಕುವನ್ನೇ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಕ್ಯೋಟೋದ ಒಂದು ಹಳೆಯ ಕಲ್ಲಿನಂಗಡಿಗೆ ಹೋದೆ. ಕಲ್ಲು ಬೇಕು ಎಂದೆ. ಯಜಮಾನರು ಕಲ್ಲು ತೋರಿಸಲಿಲ್ಲ.

“ಚಾಕು ತಂದಿದ್ದೀರಾ? ಮೊದಲು ಅದನ್ನು ಕೊಡಿ” ಎಂದರು.

ಬೆಳಕಿಗೆ ಹಿಡಿದು ನೋಡಿ, ಉಗುರಿನ ಮೇಲೆ ಅಂಚು ತಾಗಿಸಿ, ಒಳಗೆ ಹೋಗಿ ಅಂಗೈ ಅಗಲದ, ನಾಲ್ಕು ಮೂಲೆಯೂ ಸರಿಯಿಲ್ಲದ ಒಂದು ತುಂಡು ತಂದರು. ದೊಡ್ಡ ಕಲ್ಲುಗಳನ್ನು ಚೌಕ ಮಾಡುವಾಗ ಉಳಿದ ತುಂಡು ಅದು, ಅಲ್ಲಿ ಅದಕ್ಕೆ ಕೊಪ್ಪಾ ಎನ್ನುತ್ತಾರೆ. ಮುದ್ರೆಯಿರುವ, ಇಪ್ಪತ್ತು ಸೆಂಟಿಮೀಟರ್ ಉದ್ದದ ಕಲ್ಲಿನ ಕಡೆ ನಾನು ನೋಡುತ್ತಿದ್ದುದನ್ನು ಗಮನಿಸಿ, “ಅಮ್ಮಾ, ಅದು ಕ್ಷೌರದ ಕತ್ತಿಗೆ. ನಿಮ್ಮ ಚಾಕುವಿಗೆ ಅದು ತೀರಾ ಗಟ್ಟಿ. ಮೆದು ಕಬ್ಬಿಣದ ಮೇಲೆ ಗೀರು ಬೀಳುತ್ತದೆ” ಎಂದರು. ಕೊಪ್ಪಾದ ಮೇಲೆ ನೀರು ಚಿಮುಕಿಸಿ ನನ್ನ ಕೈಯಿಂದಲೇ ಮಸೆಯಿಸಿದರು. ಹೆಚ್ಚು ಬೆಲೆಯದನ್ನು ಮಾರಲು ಅವರಿಗೆ ಅವಕಾಶವಿತ್ತು, ಮಾರಲಿಲ್ಲ. ಆ ತುಂಡೇ ಇಂದಿಗೂ ನನ್ನ ಸಿಂಕಿನ ಪಕ್ಕದಲ್ಲಿದೆ.

ಕೊಳ್ಳುವವರಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿಮಾತು ನನ್ನಲ್ಲಿಲ್ಲ. ಗಟ್ಟಿಯಾದಷ್ಟೂ, ನವಿರಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಕ್ಷೌರದ ಕತ್ತಿಯವರದು ಮತ್ತು ಬಡಗಿಯ ಉಳಿ, ತೋಪಡಗಳವರದು. ಅಡುಗೆಯ ಚಾಕುವಿಗೆ ಸ್ವಲ್ಪ ಮೆದುವಾದ, ಬೇಗ ಗಸಿ ಬಿಡುವ ಕಲ್ಲು ಬೇಕು. ಮೇಲ್ಮೈಯಲ್ಲಿ ಸೂಜಿಮೊನೆಯ ತೂತುಗಳಿರುವ ಸುಇತಾ ಎಂಬ ಪದರದ ಕಲ್ಲು ಉಕ್ಕನ್ನು ಬೇಗ ಹಿಡಿಯುತ್ತದೆ, ಬೆಲೆಯೂ ಜಾಸ್ತಿ. ತೊಮಯೆ ಪದರದ ಸಾದಾ ಕಲ್ಲು ಮನೆಗೆ ಸಾಕು. ಹಳದಿ, ಕಾಗೆಕಪ್ಪು ಚುಕ್ಕೆ, ತಾವರೆಗುಲಾಬಿ ಬಣ್ಣದ ಮಚ್ಚೆ ಎಂದು ಬಣ್ಣಕ್ಕೆ ಹಣ ಕೊಡಬೇಡಿ, ಮಸೆಯುವುದು ಬಣ್ಣವಲ್ಲ. ಗಣಿಯ ಮುದ್ರೆಗೂ ಹಣ ಕೊಡಬೇಡಿ, ಶಾಯಿಯ ಮುದ್ರೆಯನ್ನು ಯಾರು ಯಾವಾಗ ಬೇಕಾದರೂ ಒತ್ತಬಹುದು. ನೋಡಬೇಕಾದದ್ದು ಬಿರುಕು ಮತ್ತು ಗೆರೆ. ಕಲ್ಲನ್ನು ಒದ್ದೆ ಮಾಡಿದರೆ ಬಿರುಕಿನಲ್ಲಿ ನೀರು ನಿಂತು ಕಪ್ಪಗೆ ಕಾಣುತ್ತದೆ. ಮೇಲ್ಮೈಗೆ ಬಂದ ಗೆರೆಯ ಮೇಲೆ ಉಗುರು ಎಳೆದಾಗ ತಡೆದರೆ ಅದು ಅಲಗಿಗೂ ಗೀರು ಹಾಕುತ್ತದೆ.

ಇನ್ನು ಬಳಕೆ. ಮೊಂಡಾದ ಚಾಕುವನ್ನು ನೇರವಾಗಿ ಬೆಟ್ಟದ ಕಲ್ಲಿಗೆ ತರಬೇಡಿ. ಅಂಚು ಕಟ್ಟುವ ಒರಟು ಕೆಲಸವೆಲ್ಲ ಸಾವಿರ ನಂಬರಿನ ಕೃತಕ ಕಲ್ಲಿನದು. ಎರಡು ನಾಣ್ಯಗಳು ಬೆನ್ನಿನಡಿ ಹಿಡಿಯುವಷ್ಟು ಮಾತ್ರ ಚಾಕುವನ್ನು ಎತ್ತಿ, ಒಂದು ಬದಿಯನ್ನು ಹಿಡಿಯಿಂದ ತುದಿಯವರೆಗೆ ಮಸೆಯುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ಸಿಬಿರು ಏಳುತ್ತದೆ. ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನಾಚೆಗೆ ಸವರಿದರೆ ತಾಗುತ್ತದೆ. ಉದ್ದಕ್ಕೂ ಸಿಬಿರು ಎದ್ದಿದೆ ಎಂದು ಖಾತ್ರಿಯಾದ ಮೇಲೆ ಮಗ್ಗುಲು ಬದಲಿಸಬೇಕು. ಮೂರು ಸಾವಿರದ ಕಲ್ಲು ಇದ್ದರೆ ಅದರ ಮೇಲೂ ಒಂದು ಸುತ್ತು. ಆಮೇಲೆ ಚಾಕು, ಕೈ ಎರಡನ್ನೂ ಚೆನ್ನಾಗಿ ತೊಳೆಯಬೇಕು. ಕೃತಕ ಕಲ್ಲಿನ ಒಂದು ಕಣ ಬೆಟ್ಟದ ಕಲ್ಲಿನ ಮೇಲೆ ಬಿದ್ದರೂ ಅದು ಮಾಡುವ ಗೀರು ಅಳಿಸಲು ಅರ್ಧ ಗಂಟೆ ಬೇಕು.

ಬೆಟ್ಟದ ಕಲ್ಲಿಗೆ ಕೆಲವೇ ಹನಿ ನೀರು. ಅದೇ ಜಾತಿಯ ಪುಟ್ಟ ತುಂಡಿನಿಂದ ಮೇಲ್ಮೈಯನ್ನು ಸುತ್ತಿ ಸುತ್ತಿ ಉಜ್ಜಿದರೆ, ದೇವರ ಕೋಣೆಯಲ್ಲಿ ಸಾಣೆಕಲ್ಲಿನ ಮೇಲೆ ಗಂಧ ತೇಯ್ದಂತೆ ಗಸಿ ಬರುತ್ತದೆ. ಈ ಉಜ್ಜುವ ತುಂಡಿಗೆ ನಗುರಾ ಎನ್ನುತ್ತಾರೆ. ಐಚಿ ಸೀಮೆಯ ಮಿಕಾವಾದಿಂದ ಬರುವ ಬಿಳಿ ನಗುರಾ ಹೆಸರುವಾಸಿ. ಮಸೆಯುವುದು ಈ ಗಸಿಯೇ, ಆದ್ದರಿಂದ ಅದನ್ನು ತೊಳೆದು ಹಾಕಬಾರದು. ಕೃತಕ ಕಲ್ಲಿನ ಅಭ್ಯಾಸವಿರುವವರು ಪದೇ ಪದೇ ನೀರು ಸುರಿಯುತ್ತಾರೆ, ಆಗ ಕೆಲಸವೇ ನಡೆಯುವುದಿಲ್ಲ. ಒತ್ತಡವೂ ಬೇಡ. ಬೆರಳ ತುದಿಯ ಭಾರ ಸಾಕು. ಮಸೆಯುತ್ತಾ ಹೋದಂತೆ ಗಸಿ ಉಕ್ಕಿನ ಪುಡಿ ಬೆರೆತು ಕಪ್ಪಾಗುತ್ತದೆ, ಕಣಗಳು ಒಡೆದು ಇನ್ನಷ್ಟು ನವಿರಾಗುತ್ತವೆ, ಕೈಗೆ ಬೆಣ್ಣೆಯ ನಯ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇಷ್ಟಕ್ಕೆಲ್ಲ ಕೆಲವು ನಿಮಿಷ ಸಾಕು, ಕಲ್ಲು ಸವೆಯುವುದು ಕೂದಲೆಳೆಯಷ್ಟೂ ಇಲ್ಲ. ಚಾಕುವನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಾದರೆ ಮೇಲೊಂದು ತೆಳು ಎಣ್ಣೆಯ ಲೇಪವೂ ಬೇಕು, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಕಲ್ಲಿನ ಆರೈಕೆಗೆ ಬಂದರೆ, ಅದರ ಶತ್ರು ನೀರು. ಇದು ಪದರ ಪದರವಾಗಿ ಕೂಡಿದ ಶಿಲೆ. ಬದಿಗಳಿಂದ ನೀರು ಒಳಗಿಳಿದು, ಒಣಗಿ, ಮತ್ತೆ ಇಳಿದು, ಒಂದು ದಿನ ಪದರವೇ ಎದ್ದು ಬರುತ್ತದೆ. ಕೃತಕ ಕಲ್ಲಿನಂತೆ ಬಕೆಟ್ಟಿನಲ್ಲಿ ಮುಳುಗಿಸಿಡುವುದಂತೂ ಕೂಡದು. ಚಳಿಯ ದೇಶದಲ್ಲಿ ಒದ್ದೆ ಕಲ್ಲು ಹೆಪ್ಪುಗಟ್ಟಿ ಒಡೆಯುತ್ತದೆ, ನಮ್ಮಲ್ಲಿ ಒದ್ದೆ ಕಲ್ಲನ್ನು ಬಿಸಿಲಿಗಿಟ್ಟರೆ ಸೀಳುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿ, ನೆರಳಿನಲ್ಲಿ ಗಾಳಿಯಾಡುವ ಕಡೆ ನಿಲ್ಲಿಸಿ ಒಣಗಿಸಬೇಕು.

ಅದಕ್ಕಿಂತ ಮುಖ್ಯವಾದದ್ದು, ಹೊಸ ಕಲ್ಲಿನ ಬದಿಗಳಿಗೆ ಬಣ್ಣದ ಕವಚ ಹಾಕುವುದು. ಹಿಂದಿನವರು ಉರುಷಿ ಮರದ ಅರಗು ಬಳಿಯುತ್ತಿದ್ದರು, ಕೆಲವರು ಕೈಕಾಗದ ಅಂಟಿಸಿ ಮೇಲೆ ಅರಗು ಹಚ್ಚುತ್ತಿದ್ದರು. ಈಗ ಹೆಚ್ಚಿನವರು ಬಳಸುವುದು ‘ಕಾಶೂ’ ಎಂಬ ಬಣ್ಣ. ಡಬ್ಬಿಯ ಮೇಲಿನ ಆ ಹೆಸರು ಓದಿದಾಗ ನನಗೆ ಊರು ನೆನಪಾಯಿತು. ಅದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಬಣ್ಣ. ಗೇರು ಸಂಶೋಧನೆಗೆಂದೇ ರಾಷ್ಟ್ರಮಟ್ಟದ ಸಂಸ್ಥೆಯಿರುವ ಪುತ್ತೂರಿನವಳಿಗೆ ಆ ಎಣ್ಣೆಯ ಗುಣ ಗೊತ್ತು: ಹಸಿ ಸಿಪ್ಪೆ ಕಚ್ಚಿದ ಮಗುವಿನ ತುಟಿ ಸುಟ್ಟು ಬೊಬ್ಬೆ ಏಳುತ್ತದೆ. ಉರುಷಿ, ಗೇರು, ಮಾವು ಮೂರೂ ಒಂದೇ ಕುಟುಂಬದ ಮರಗಳು. ಉರುಷಿ ಅರಗು ಗಟ್ಟಿಯಾಗಲು ತೇವದ ಪೆಟ್ಟಿಗೆ ಬೇಕು, ಗೇರೆಣ್ಣೆಯ ಬಣ್ಣ ಸುಮ್ಮನೆ ಗಾಳಿಗೆ ಒಣಗುತ್ತದೆ. ಕಲ್ಲನ್ನು ಹಲವು ದಿನ ಚೆನ್ನಾಗಿ ಒಣಗಿಸಿ, ಬದಿಗಳಿಗೆ ತೆಳುವಾಗಿ ಮೂರು ನಾಲ್ಕು ಸಲ ಬಳಿಯಿರಿ. ಮಸೆಯುವ ಮುಖಕ್ಕೆ ತಾಗಬಾರದು. ಇಷ್ಟು ಮಾಡಿದ ಕಲ್ಲು ತಲೆಮಾರು ದಾಟುತ್ತದೆ.

ಮುಖ ಸಮತಟ್ಟಾಗಿರಬೇಕು. ನಡುವೆ ಹೊಂಡ ಬಿದ್ದ ಕಲ್ಲಿನಲ್ಲಿ ನೇರ ಅಂಚು ಬರುವುದಿಲ್ಲ, ಮುಖ್ಯವಾಗಿ ನಕಿರಿಯಂಥ ನೇರ ಅಲಗಿಗೆ. ಪೆನ್ಸಿಲಿನಿಂದ ಅಡ್ಡ ಉದ್ದ ಗೆರೆ ಎಳೆದು, ವಜ್ರದ ಪುಡಿ ಕೂರಿಸಿದ ತಗಡಿನ ಮೇಲೆ ನೀರು ಬಿಟ್ಟು ಉಜ್ಜಿದರೆ ಗೆರೆ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು ಎಂದರ್ಥ. ಹೊಂಡ ಆಳವಾಗಲು ಬಿಡದೆ ಆಗಾಗ ಸ್ವಲ್ಪ ಸ್ವಲ್ಪ ಉಜ್ಜಿ. ಒಮ್ಮೆಗೇ ಉಜ್ಜಿದರೆ ಒಳ್ಳೆಯ ಕಲ್ಲು ರಾಶಿ ರಾಶಿ ವ್ಯರ್ಥ. ಮಸೆಯುವಾಗಲೇ ಕಲ್ಲಿನ ಎಲ್ಲ ಭಾಗವನ್ನೂ, ಮೂಲೆಗಳನ್ನೂ, ಬಳಸುವುದು ಇದಕ್ಕಿಂತ ಮೇಲು. ಅಂಚುಗಳ ಚೂಪನ್ನು ಸ್ವಲ್ಪ ಉರುಟು ಮಾಡಿಟ್ಟರೆ ಚಕ್ಕೆ ಏಳುವುದಿಲ್ಲ. ಬಳಸಿ ಬಳಸಿ ತೆಳುವಾದ ಕಲ್ಲನ್ನು ಮರದ ಹಲಗೆಗೆ ಅಂಟಿಸಿ ಮುಂದುವರಿಸುತ್ತಾರೆ.

ಕಪಾಟಿನಲ್ಲಿಡುವವರ ವಾದ ನನಗೆ ಗೊತ್ತು. ಗಣಿಗಳು ಮುಚ್ಚಿವೆ, ಬಳಸಿದಷ್ಟೂ ಕಡಿಮೆಯಾಗುತ್ತದೆ, ನಾವು ಉಳಿಸುತ್ತಿದ್ದೇವೆ ಎನ್ನುತ್ತಾರೆ. ಉಳಿಸಲು ಬೇರೆ ಜಾಗವಿದೆ. ಕಮೆಯೊಕದಲ್ಲಿ ಬೆಟ್ಟದ ಮಸೆಗಲ್ಲುಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಯೂ ಕಲ್ಲುಗಳನ್ನು ನೋಡಲಷ್ಟೇ ಇಟ್ಟಿಲ್ಲ, ಬಂದವರು ಮಸೆದು ನೋಡಬಹುದು. ಇನ್ನು ಜಪಾನಿನ ಕಸುಬುದಾರರು ಈ ಕಲ್ಲನ್ನು ಗೌರವಿಸಿದ ರೀತಿಯನ್ನೂ ನೋಡಿ. ಖಡ್ಗಕ್ಕೆ ಹೊಳಪು ಕೊಡುವವರು ಉಚಿಗುಮೊರಿ ಎಂಬ ಮೆದು ಕಲ್ಲಿನ ಚಕ್ಕೆಯನ್ನು ಕಾಗದದಷ್ಟು ತೆಳುವಾಗಿ ಸವೆಸಿ, ಹಿಂದೆ ಕೈಕಾಗದ ಅಂಟಿಸಿ, ಹೆಬ್ಬೆರಳ ತುದಿಯಲ್ಲಿ ಹಿಡಿದು ಅಲಗಿನ ಮೇಲೆ ಆಡಿಸುತ್ತಾರೆ. ಉಗುರಿನಗಲದ ಚೂರನ್ನೂ ಅವರು ಬಿಸಾಡುವುದಿಲ್ಲ. ಶಿಕೊಕು ದ್ವೀಪದ ತೊಬೆಯಲ್ಲಿ ಇಯೋ ಮಸೆಗಲ್ಲಿನ ಗಣಿಯ ಕಸ ಗುಡ್ಡ ಬಿದ್ದಿತ್ತು. ಅದನ್ನು ಅರೆದು ಪಿಂಗಾಣಿ ಮಾಡಬಹುದೆಂದು ಕಂಡುಕೊಂಡು 1777ರಲ್ಲಿ ಬಿಳಿ ಪಿಂಗಾಣಿ ಸುಟ್ಟರು. ತೊಬೆ ಪಾತ್ರೆಗಳು ಇಂದಿಗೂ ಜಪಾನಿನ ಎಷ್ಟೋ ಮನೆಗಳ ಊಟದ ಮೇಜಿನ ಮೇಲಿವೆ. ಗಣಿಯ ಕಸವನ್ನೂ ಅನ್ನದ ಬಟ್ಟಲಾಗಿಸಿದ ನಾಡಿನ ಕಲ್ಲನ್ನು ಪ್ಲಾಸ್ಟಿಕ್ ಸುತ್ತಿ ಮುಚ್ಚಿಡುವುದು ಅದಕ್ಕೆ ಮಾಡುವ ಗೌರವವಲ್ಲ.

ಬಳಸದೆ ಇಟ್ಟ ಕಲ್ಲಿನ ಜೊತೆ ಅದನ್ನು ಬಳಸುವ ಕೈಯೂ ಹೋಗುತ್ತದೆ ಎಂಬುದು ನನ್ನ ನಿಜವಾದ ಕಳವಳ. ಯಾವ ಕಲ್ಲು ಯಾವ ಚಾಕುವಿಗೆ ಎಂದು ಚಾಕು ನೋಡಿ ಹೇಳಬಲ್ಲ ಅಂಗಡಿಯ ಯಜಮಾನರಂಥವರು ಇರುವುದು ಮಸೆಯುವ ಗಿರಾಕಿಗಳಿರುವ ತನಕ ಮಾತ್ರ. ಪೆಟ್ಟಿಗೆ ತೆರೆಯದೆ ಕಲ್ಲು ಕೈ ಬದಲಾಯಿಸುವ ಮಾರುಕಟ್ಟೆಯಲ್ಲಿ ಅವರ ತಿಳಿವಳಿಕೆಗೆ ಕೆಲಸವಿಲ್ಲ, ಮುದ್ರೆ ಓದಲು ಬಂದರೆ ಸಾಕು.

ಆದ್ದರಿಂದ ಇಂಥ ಕಲ್ಲು ಮನೆಯಲ್ಲಿರುವವರಲ್ಲಿ ನನ್ನದೊಂದು ಕೋರಿಕೆ. ಈ ವಾರ ಅದನ್ನು ಹೊರಗೆ ತೆಗೆಯಿರಿ, ಬದಿಗಳಿಗೆ ಬಣ್ಣ ಬಳಿದು ಒಣಗಿಸಿ, ಒಂದು ಕಾರ್ಬನ್ ಉಕ್ಕಿನ ಚಾಕುವಿಗೆ ಕೊನೆಯ ಹರಿತ ಅದರಲ್ಲೇ ಕೊಡಿ. ನಿಮ್ಮಲ್ಲಿ ಅಂಥ ಚಾಕುವೇ ಇಲ್ಲವಾದರೆ ಇರುವವರಿಗೆ ಕಲ್ಲನ್ನು ದಾಟಿಸಿ. ಹೊಸದಾಗಿ ಕೊಳ್ಳಬೇಕೆಂದಿರುವವರು ಸದ್ಯ ಸಾವಿರ ನಂಬರಿನ ಕೃತಕ ಕಲ್ಲೊಂದನ್ನು ಕೊಂಡು ಮನೆಯ ಚಾಕುವಿನಲ್ಲಿ ಸಿಬಿರು ಎಬ್ಬಿಸಲು, ಅದನ್ನು ಇಳಿಸಲು ಕಲಿಯಿರಿ. ಆ ಕೆಲಸ ಕೈಗೆ ಬಂದ ಮೇಲೆ ಕ್ಯೋಟೋದ ಕಲ್ಲು ಬೇಕೆನಿಸಿದರೆ, ಮುದ್ರೆಯಿಲ್ಲದ ಒಂದು ಕೊಪ್ಪಾ ಕೇಳಿ ತೆಗೆದುಕೊಳ್ಳಿ.